ಮೂರನೆಯ ಪರಿಶೀಲಕ

ನಮ್ಮ ವೈದ್ಯಕೀಯ ಕಾಲೇಜಿನ ಮೂತ್ರಪಿಂಡ ವಿಭಾಗದ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯುವುದಾದರೆ, ಕಳೆದ ಅಕ್ಟೋಬರಿನ ಒಂದು ಮಂಗಳವಾರವನ್ನು ಯುಗವೊಂದರ ಅಂತ್ಯವೆಂದೇ ಗುರುತಿಸಬೇಕಾಗುತ್ತದೆ. ಅಂದು ಹೊಸ ಔಷಧಿಯೇನೂ ಸಿಗಲಿಲ್ಲ, ಹಳೆಯ ರೋಗ ಯಾವುದೂ ತೊಲಗಲಿಲ್ಲ. ಡಾಕ್ಟರ್ ರೆನಾಟಾ ಗುಟೊವ್ಸ್ಕಿಯ ಎಚ್-ಅಂಕ ನಲವತ್ತೆರಡಾಯಿತು. ಡಾಕ್ಟರ್ ಲೊವೆಲ್ ಹೌಗೆನ್‌ನ ಎಚ್-ಅಂಕ ನಲವತ್ತೊಂದರಲ್ಲೇ ಇತ್ತು.

ಈ ಅಂಕ ಏನೆಂದು ತಿಳಿಯದೆ ಸುಖವಾಗಿ ಬದುಕಿರುವವರು ಲೋಕದಲ್ಲಿ ಬಹಳ ಮಂದಿ ಇದ್ದಾರೆ. ಅವರಿಗಾಗಿ ಹೇಳುವುದಾದರೆ, ಸಂಶೋಧಕನೊಬ್ಬನ ನಲವತ್ತೊಂದು ಲೇಖನಗಳನ್ನು, ಒಂದೊಂದನ್ನೂ ಕಡಿಮೆಯೆಂದರೆ ನಲವತ್ತೊಂದು ಸಲ, ಬೇರೆಯವರು ತಮ್ಮ ಲೇಖನಗಳಲ್ಲಿ ಉಲ್ಲೇಖಿಸಿದ್ದರೆ ಅವನ ಅಂಕ ನಲವತ್ತೊಂದು. ಹೊಗಳಿ ಉಲ್ಲೇಖಿಸಿದರೂ ಒಂದೇ, ಬೈದು ಉಲ್ಲೇಖಿಸಿದರೂ ಒಂದೇ. ಅಂಕ ಏರುವುದುಂಟು, ಇಳಿಯುವುದಿಲ್ಲ. ಮನುಷ್ಯ ಸತ್ತ ಮೇಲೂ ಏರಬಹುದು. ನಮ್ಮಲ್ಲಿ ಕೆಲವರಿಗಿರುವ ಪರಲೋಕದ ನಂಬಿಕೆ ಇಷ್ಟೇ. ನನ್ನದು ಹತ್ತೊಂಬತ್ತು. ಹಾಗಾಗಿ ಈ ಕಥೆ ಹೇಳುವಷ್ಟು ನೆಮ್ಮದಿ ನನಗಿದೆ.

ಲೊವೆಲ್ ಬೆಳಿಗ್ಗೆ ಎದ್ದವನು ಮೊದಲು ತನ್ನ ಅಂಕ ನೋಡುತ್ತಿದ್ದ, ಆಮೇಲೆ ರೆನಾಟಾಳದು, ಆಮೇಲೆ ಕಾಫಿ. ಆ ಮಂಗಳವಾರ ಕಾಫಿ ಆರಿತು. ಅವನ ಹೆಂಡತಿ ಆರ್ಡಿಸ್ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು. ಅಂಕಿಗಳ ಬಗ್ಗೆ ಭ್ರಮೆಯಿಲ್ಲದವಳು.

"ಏರ್ತಾ?" ಎಂದು ಕೇಳಿದಳು.

"ಏರ್ತು."

"ನಿಂದಾ?"

"ಅವಳದು."

"ಹಾಗಾದ್ರೆ ನಿನಗೆ ಮೊಟ್ಟೆ ಬೇಡ ಅಂತಾಯ್ತು," ಎಂದು ಆರ್ಡಿಸ್ ಒಂದೇ ಮೊಟ್ಟೆ ಒಡೆದಳು.

ಅವನ ಸಂಕಟಕ್ಕೆ ಕಾರಣವಿರಲಿಲ್ಲವೆಂದು ನಾನು ಹೇಳುವುದಿಲ್ಲ. ಲೊವೆಲ್ ಮತ್ತು ರೆನಾಟಾ ನಮ್ಮ ವಿಭಾಗಕ್ಕೆ ಒಂದೇ ಬೇಸಿಗೆಯಲ್ಲಿ ಸೇರಿದವರು. ಲೊವೆಲ್ ಮೂರು ವಾರ ಮುಂಚೆ. ಅವನು ಮೂತ್ರಪಿಂಡದೊಳಗಿನ ಕೂದಲೆಳೆಯಂಥ ನಾಳಗಳ ಮೇಲೆ ಇಟ್ಟಿಗೆಯಷ್ಟು ದಪ್ಪದ ಲೇಖನಗಳನ್ನು ಬರೆದ. ಓದಿದವರು ತಲೆದೂಗಿದರು, ಓದಿದವರು ಮಾತ್ರ ಕಡಿಮೆ. ರೆನಾಟಾ ಸೇರಿದ ಎರಡನೆಯ ವರ್ಷ ಎರಡೇ ಪುಟದ ಒಂದು ಟಿಪ್ಪಣಿ ಬರೆದಳು. ರೋಗಿಯ ಮೂತ್ರವನ್ನು ಬಾಟಲಿಯಲ್ಲಿ ಹಿಡಿದ ಮೇಲೆ, ಪರೀಕ್ಷೆಗೆ ಮುಂಚೆ, ಅದನ್ನು ಮೇಜಿನ ಮೇಲೆ ಎಷ್ಟು ಹೊತ್ತು ಇಡಬಹುದು ಎಂಬುದು ಅದರ ವಿಷಯ. ನಾಲ್ಕು ಗಂಟೆ ಇಡಬಹುದು. ಅಂದಿನಿಂದ ಭೂಮಿಯ ಮೇಲೆ ಯಾರು ಎಲ್ಲಿ ಮೂತ್ರ ಪರೀಕ್ಷೆ ಮಾಡಿ ಬರೆದರೂ "ಮಾದರಿಗಳನ್ನು ನಾಲ್ಕು ಗಂಟೆಯೊಳಗೆ ಪರೀಕ್ಷಿಸಲಾಯಿತು" ಎಂದು ಹೇಳಿ ಪಕ್ಕದಲ್ಲಿ ಗುಟೊವ್ಸ್ಕಿ ಎಂದು ಹಾಕುತ್ತಾರೆ. ಆ ಟಿಪ್ಪಣಿಯ ಬೆನ್ನು ಹತ್ತಿ ಅವಳ ಉಳಿದ ಲೇಖನಗಳನ್ನೂ ಜನ ಓದತೊಡಗಿದರು. ಕೆಟ್ಟದ್ದೆಂದರೆ, ಅವೂ ಚೆನ್ನಾಗಿದ್ದವು.

"ನಾನು ಇಪ್ಪತ್ತೆರಡು ವರ್ಷ ಕಣ್ಣು ಕಳ್ಕೊಂಡು ನಾಳ ನೋಡ್ದೆ. ಅವಳು ಗಡಿಯಾರ ನೋಡಿದ್ಲು," ಎಂದು ಲೊವೆಲ್ ಒಮ್ಮೆ ನನಗೆ ಹೇಳಿದ್ದ.

ಬರೀ ಅಂಕದ ಮಾತಾಗಿದ್ದರೆ ಒಂದು ಮೊಟ್ಟೆಗೇ ಮುಗಿಯುತ್ತಿತ್ತು. ಆದರೆ ಆ ವರ್ಷ ಸಾಸೇಜು ಮಾರಿ ಸಿರಿವಂತರಾದ ಶ್ಲೆಗೆಲ್ ಮನೆತನದವರು ಕಾಲೇಜಿಗೆ ಒಂದು ಪೀಠ ದಾನ ಮಾಡಿದ್ದರು. ಶ್ಲೆಗೆಲ್ ಪೀಠದ ಪ್ರಾಧ್ಯಾಪಕ ಎಂಬ ಬಿರುದು, ಸಾಯುವವರೆಗೆ ಸಂಶೋಧನೆಗೆ ಹಣ, ಜೊತೆಗೆ ನಿಜವಾದ ಒಂದು ಕುರ್ಚಿ: ಕಪ್ಪು ಮರದ್ದು, ಬೆನ್ನಿನ ಮೇಲೆ ಕಾಲೇಜಿನ ಚಿನ್ನದ ಮುದ್ರೆ, ಕುಳಿತರೆ ಹತ್ತು ನಿಮಿಷದಲ್ಲಿ ಸೊಂಟ ಹಿಡಿಯುವಂಥದ್ದು. ಮೇ ತಿಂಗಳಲ್ಲಿ ಕೊಡುವುದೆಂದು ಡೀನ್ ಪ್ರೆಂಟಿಸ್ ಕೋಲ್ ಸಾರಿದ್ದ. ಅರ್ಹರು ಇಬ್ಬರೇ ಎಂಬುದು ಕಸ ಗುಡಿಸುವವರಿಗೂ ಗೊತ್ತಿತ್ತು. ಕೋಲ್ ಇಬ್ಬರನ್ನೂ ಬೇರೆ ಬೇರೆ ಕರೆದು ಒಂದೇ ಮಾತು ಹೇಳಿದ: "ನೀವಿಬ್ರೂ ನನಗೆ ಎರಡು ಕಣ್ಣು. ವಸಂತದೊಳಗೆ ಯಾರಿಂದಾದ್ರೂ ದೊಡ್ಡದೊಂದು ಲೇಖನ ಬಂದ್ರೆ ನನ್ನ ಕೆಲಸ ಸುಲಭ. ಬರದಿದ್ರೆ ಹಿರಿತನ ನೋಡ್ಬೇಕಾಗತ್ತೆ."

ಹಿರಿತನವೆಂದರೆ ಆ ಮೂರು ವಾರ. ಯಾರೂ ಏನೂ ಮಾಡದೆ ಸುಮ್ಮನಿದ್ದರೆ ಪೀಠ ಲೊವೆಲ್‌ನದು.

ಶುಕ್ರವಾರ ಮಾಂಸ ಮುಟ್ಟದ ಕ್ರೈಸ್ತರ ಹಳೆಯ ವ್ರತದಿಂದಾಗಿ ನಮ್ಮ ಮಿಲ್ವಾಕಿ ನಗರದಲ್ಲಿ ಆ ಸಂಜೆ ಎಲ್ಲರೂ ಕರಿದ ಮೀನು ತಿನ್ನುತ್ತಾರೆ, ದೇವರನ್ನು ನಂಬದವರೂ. ನಾವು ನಾಲ್ವರು ಸೆರಾಫಿನ್‌ನ ಹೋಟೆಲಿಗೆ ಹೋಗುವುದು ರೂಢಿ: ಲೊವೆಲ್, ರೆನಾಟಾ, ನಾನು, ಮತ್ತು ಡಯಾಲಿಸಿಸ್ ಘಟಕದ ಬರ್ನಿ ಆಸ್ಟರ್‌ಹೌಸ್. ಬರ್ನಿ ಲೇಖನ ಬರೆಯುವುದನ್ನು ಬಿಟ್ಟು ಬಹಳ ಕಾಲವಾಗಿತ್ತು. ಆದ್ದರಿಂದ ಅವನಿಗೆ ಹಸಿವೂ ನಾಲಗೆಯೂ ಚೆನ್ನಾಗಿದ್ದವು.

"ನಲವತ್ತೆರಡಂತೆ ಕಣೇ ರೆನಾಟಾ!" ಎಂದು ಅವನು ಬ್ರ್ಯಾಂಡಿಯ ಲೋಟ ಎತ್ತಿದ. "ಲೊವೆಲ್, ನಿನಗೆ ಗೊತ್ತಾಯ್ತೋ ಇಲ್ವೋ?"

"ಈಗ ಕೇಳ್ತಾ ಇದೀನಿ. ಒಳ್ಳೇದಾಯ್ತು," ಎಂದು ಲೊವೆಲ್ ತಲೆ ಬಗ್ಗಿಸಿ ಮೀನಿನಲ್ಲಿ ಮುಳ್ಳು ಹುಡುಕತೊಡಗಿದ. ಸೆರಾಫಿನ್‌ನ ಮೀನಿನಲ್ಲಿ ಮುಳ್ಳಿರುವುದಿಲ್ಲ.

"ನಂದೇನಿದೆಯೋ, ಬಾಟಲಿ ಪುಣ್ಯ," ಎಂದಳು ರೆನಾಟಾ. ಅವಳು ನಗರದ ದಕ್ಷಿಣ ಭಾಗದ ಪೋಲಿಷ್ ಬೀದಿಗಳಲ್ಲಿ ಬೆಳೆದವಳು. ದೊಡ್ಡ ಮೈ, ದೊಡ್ಡ ನಗು, ಇನ್ನೊಬ್ಬರ ತಟ್ಟೆಯಿಂದ ಆಲೂಗಡ್ಡೆ ದೋಸೆ ಎತ್ತಿಕೊಳ್ಳುವ ಸ್ವಭಾವ. ಆಗಲೂ ಲೊವೆಲ್‌ನ ತಟ್ಟೆಯಿಂದ ಒಂದು ಎತ್ತಿಕೊಂಡಳು. ಅವಳು ಜಂಬ ಕೊಚ್ಚಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ವಿನಯ ಅವನ ಹೊಟ್ಟೆಯಲ್ಲಿ ಕೆಂಡವಾಯಿತು.

ನವೆಂಬರಿನಲ್ಲಿ ದೊಡ್ಡ ವೈದ್ಯಕೀಯ ಪತ್ರಿಕೆಯೊಂದರಿಂದ ಲೊವೆಲ್‌ಗೆ ಒಂದು ಲೇಖನ ಪರಿಶೀಲನೆಗೆ ಬಂತು. ಅಚ್ಚಾಗುವ ಮುಂಚೆ ಲೇಖನವನ್ನು ಮೂವರು ಪರಿಶೀಲಕರಿಗೆ ಕಳಿಸುವುದು ಪದ್ಧತಿ. ಬರೆದವರು ಯಾರೆಂದು ಪರಿಶೀಲಕನಿಗೆ ತಿಳಿಯುತ್ತದೆ. ಪರಿಶೀಲಕ ಯಾರೆಂದು ಬರೆದವರಿಗೆ ತಿಳಿಯುವುದಿಲ್ಲ. ಈ ಏರ್ಪಾಟನ್ನು ಕಂಡುಹಿಡಿದವನು ಮನುಷ್ಯರ ಬಗ್ಗೆ ಒಳ್ಳೆಯ ಅಭಿಪ್ರಾಯ ಇಟ್ಟುಕೊಂಡಿದ್ದನೆಂದು ಕಾಣುತ್ತದೆ. ಲೇಖನ ಕಳಿಸಿದವನು ವಿನಿಪೆಗ್ ಎಂಬ ದೂರದ ಊರಿನ ಯಾರೋ ಯುವಕ. ಹೆಸರುಗಳ ಸಾಲಿನ ಕೊನೆಯಲ್ಲಿ, ಯಜಮಾನರು ನಿಲ್ಲುವ ಜಾಗದಲ್ಲಿ, ಅವನ ಗುರು ರೆನಾಟಾ ಗುಟೊವ್ಸ್ಕಿ. ಪತ್ರಿಕೆಯ ಕಂಪ್ಯೂಟರು ಮೊದಲ ಹೆಸರನ್ನು ಮಾತ್ರ ನೋಡಿತ್ತು.

ಒಂದೇ ಕಾಲೇಜಿನವರು ಒಬ್ಬರದನ್ನೊಬ್ಬರು ಪರಿಶೀಲಿಸಬಾರದು. "ಲೇಖಕರೊಂದಿಗೆ ನಿಮಗೆ ಸಂಬಂಧವೇನಾದರೂ ಇದೆಯೇ?" ಎಂದು ಪತ್ರಿಕೆ ಕೇಳಿತ್ತು. ಲೊವೆಲ್ ಪ್ರಾಮಾಣಿಕವಾಗಿ ಯೋಚಿಸಿದ. ಒಂದೇ ಮೇಜಿನಲ್ಲಿ ಮೀನು ತಿನ್ನುವುದನ್ನು ಸಂಬಂಧ ಎನ್ನಲಾದೀತೆ? ಇಲ್ಲ ಎಂದು ಒತ್ತಿದ.

ಬಾಗಿಲು ಹಾಕಿಕೊಂಡು ಓದಲು ಕುಳಿತ. ಕಸಿ ಮಾಡಿದ ಮೂತ್ರಪಿಂಡ ಕೈಕೊಡುವ ಆರು ತಿಂಗಳು ಮೊದಲೇ ಮೂತ್ರದಲ್ಲಿ ಒಂದು ಸೂಚನೆ ಕಾಣುತ್ತದೆ ಎಂಬುದು ಲೇಖನದ ಸಾರ. ರಕ್ತ ಬೇಡ, ಸೂಜಿ ಬೇಡ. ಮೊದಲ ಪುಟ ಓದಿದ, ಎರಡನೆಯದನ್ನು ಓದಿದ. ಮೂರನೆಯ ಚಿತ್ರಕ್ಕೆ ಬಂದಾಗ "ಆಹಾ!" ಎಂದು ಬಾಯಿಬಿಟ್ಟೇ ಅಂದನಂತೆ. ಎಲ್ಲರೂ ಕೊಳೆ ಎಂದು ಬಿಸಾಡುವ ಒಂದು ಪ್ರೋಟೀನನ್ನು ಅವಳು ಎತ್ತಿ ನಡುಮನೆಯಲ್ಲಿ ಕೂರಿಸಿದ್ದಳು. ಅಷ್ಟು ಹೊತ್ತು ಅವನು ಮೂವತ್ತು ವರ್ಷದ ಹಿಂದಿನ ಲೊವೆಲ್ ಆಗಿದ್ದ, ವಿದ್ಯೆಯ ಸೊಗಸು ಕಂಡರೆ ರೋಮ ನಿಮಿರುವವನು. ಆಮೇಲೆ ಬರೆದವರು ಯಾರೆಂಬುದು ನೆನಪಾಯಿತು. ಲೇಖನ ಕೆಟ್ಟದಾಗಿದ್ದರೆ ಅವನು ಉದಾರಿಯಾಗುತ್ತಿದ್ದ. ನಾಲ್ಕು ತಿದ್ದುಪಡಿ ಹೇಳಿ ಬೆನ್ನು ತಟ್ಟುತ್ತಿದ್ದ. ಈ ಚಿತ್ರ ತನಗೆ ಹೊಳೆಯಬೇಕಿತ್ತು, ಹೊಳೆಯಲಿಲ್ಲ, ಮತ್ತು ಹೊಳೆದದ್ದು ಬಾಟಲಿಯವಳಿಗೆ.

ತಪ್ಪು ಹುಡುಕಿದ. ಸಿಗಲಿಲ್ಲ.

ತಪ್ಪು ಸಿಗದ ಲೇಖನವನ್ನು ಕೊಲ್ಲುವುದಕ್ಕೆ ನಮ್ಮಲ್ಲಿ ಬಹಳ ಸಭ್ಯವಾದ ಒಂದು ದಾರಿಯಿದೆ. ಅದನ್ನು ಹೊಗಳಿ, ಇನ್ನೂ ಸ್ವಲ್ಪ ಕೇಳಬೇಕು. ಲೊವೆಲ್ ಬರೆದ: "ಬಹಳ ಮಹತ್ವದ ಕೆಲಸ. ಆದರೆ ಇದನ್ನು ಒಪ್ಪಬೇಕಾದರೆ, ಕಸಿಯಾಗಿ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಕಳೆದ, ಮುಂದೇನಾಯಿತೆಂದು ಪೂರ್ತಿ ತಿಳಿದಿರುವ ರೋಗಿಗಳ ಹಳೆಯ ಮಾದರಿಗಳಲ್ಲೂ ಲೇಖಕರು ಇದನ್ನು ತೋರಿಸಬೇಕು." ಅಂಥ ಮಾದರಿ ಕೂಡಿಸಲು ಹದಿನೈದು ವರ್ಷ ಬೇಕು. ಮೇ ತಿಂಗಳು ಆರು ತಿಂಗಳಲ್ಲಿ ಬರುತ್ತದೆ.

ಅಷ್ಟಕ್ಕೇ ನಿಲ್ಲಿಸಿದ್ದರೆ ಜಾಣನೆನಿಸಿಕೊಳ್ಳುತ್ತಿದ್ದ. ಆದರೆ ಪರಿಶೀಲಕನ ಕುರ್ಚಿಯಲ್ಲಿ ಕುಳಿತವನಿಗೆ ಕೈ ತುರಿಸುವ ಇನ್ನೊಂದು ಚಟವಿದೆ. ನಮ್ಮವರಲ್ಲಿ ಅದು ಇಲ್ಲದವರು ಕಡಿಮೆ. ಕೊನೆಯಲ್ಲಿ ಅವನು ಸೇರಿಸಿದ: "ಈ ಕೆಳಗಿನ ಐದು ಮುಖ್ಯ ಲೇಖನಗಳನ್ನು ಲೇಖಕರು ಉಲ್ಲೇಖಿಸದಿರುವುದು ಆಶ್ಚರ್ಯ." ಐದೂ ಹೌಗೆನ್ ಬರೆದವು.

ಜನವರಿಯ ಒಂದು ಶುಕ್ರವಾರ, ಹೊರಗೆ ಸರೋವರ ಚಳಿಗೆ ಹೆಪ್ಪುಗಟ್ಟಿದ್ದಾಗ, ರೆನಾಟಾ ಮೀನು ಬರುವ ಮುಂಚೆಯೇ ಫೋನು ತೆಗೆದಳು.

"ಕೇಳ್ರಪ್ಪಾ. ಮೊದಲ್ನೇ ಪರಿಶೀಲಕ ಚೆನ್ನಾಗಿದೆ ಅಂದ. ಎರಡನೆಯವನು ಅಲ್ಪವಿರಾಮ ತಿದ್ದಿದ. ಮೂರನೆಯವನೊಬ್ಬ ಇದಾನೆ, ಅವನಿಗೆ ಹದಿನೈದು ವರ್ಷದ ಹಳೇ ಉಚ್ಚೆ ಬೇಕಂತೆ!"

"ವೈನು ಅನ್ಕೊಂಡಿದಾನಾ?" ಎಂದ ಬರ್ನಿ.

"ಇನ್ನೂ ಇದೆ. ಐದು ಲೇಖನ ಉಲ್ಲೇಖ ಮಾಡ್ಬೇಕಂತೆ."

"ಯಾರದು?"

"ಲೊವೆಲ್‌ದು."

"ಐದೂ?"

"ಐದೂ."

ಬರ್ನಿ ಲೋಟದೊಳಗೆ ಮುಖವಿಟ್ಟ. ಸ್ವಲ್ಪ ಹೊತ್ತು ಅವನ ಭುಜಗಳು ಮಾತ್ರ ಕಾಣುತ್ತಿದ್ದವು, ಅವು ಕುಣಿಯುತ್ತಿದ್ದವು. ನಾನು ಮೇಜಿನ ಮೇಲೆ ಮೊದಲೇ ಇಟ್ಟಿದ್ದ ಸೇಬಿನ ಗೊಜ್ಜನ್ನು ಬಹಳ ಆಸಕ್ತಿಯಿಂದ ನೋಡಿದೆ.

"ನಿನಗೆ ಎಂಥಾ ಅಭಿಮಾನಿಗಳು ಇದಾರೆ ಮಾರಾಯಾ," ಎಂದು ಬರ್ನಿ ಕೊನೆಗೆ ಉಸಿರೆಳೆದುಕೊಂಡು ಹೇಳಿದ. "ನನ್ನ ಹೆಂಡ್ತಿಗೂ ನನ್ನ ಮೇಲೆ ಇಷ್ಟು ಅಭಿಮಾನ ಇಲ್ಲ."

ಲೊವೆಲ್‌ನ ಕಿವಿ ಬೇಯಿಸಿದ ಬೀಟ್‌ರೂಟಿನ ಬಣ್ಣವಾಗಿತ್ತು. "ಆ ಲೇಖನಗಳು ವಿಷಯಕ್ಕೆ ಸಂಬಂಧಪಟ್ಟವೇ," ಎಂದ.

"ಮೊದಲ್ನೇದು ಇಲಿ ಬಗ್ಗೆ ಇದೆ ಕಣೋ."

"ತತ್ತ್ವ ಒಂದೇ."

"ಸರಿ ಬಿಡು, ಹಾಕ್ತೀನಿ, ನನ್ನ ಗಂಟೇನು ಹೋಗತ್ತೆ," ಎಂದು ರೆನಾಟಾ ಫೋನು ಕೆಳಗಿಟ್ಟಳು. "ಈಗ ವಿಷಯಕ್ಕೆ ಬರ್ತೀನಿ. ಅಷ್ಟು ಹಳೇ ಮಾದರಿ, ರೋಗಿಗಳ ಪೂರ್ತಿ ಚರಿತ್ರೆ ಸಮೇತ ಇಟ್ಕೊಂಡಿರೋನು ಈ ಖಂಡದಲ್ಲೇ ಒಬ್ಬ. ನಮ್ಮ ನೆಲಮಾಳಿಗೇಲಿ. ಲೊವೆಲ್, ಕೊಡ್ತೀಯಾ?"

ಇದನ್ನು ಲೊವೆಲ್ ಎಣಿಸಿರಲಿಲ್ಲ. ಹಳೆಯ ಮಾದರಿ ತುಂಬಿದ ಆರು ಫ್ರೀಜರುಗಳು ತನ್ನ ಹತ್ತಿರ ಇರುವುದನ್ನು ಅವನು ಮರೆತಿದ್ದನೆಂದಲ್ಲ. ಅವಳ ಜಾಗದಲ್ಲಿ ತಾನಿದ್ದರೆ ಪ್ರಾಣ ಹೋದರೂ ಅವಳನ್ನು ಕೇಳುತ್ತಿರಲಿಲ್ಲ; ಆದ್ದರಿಂದ ಅವಳೂ ಕೇಳಲಾರಳೆಂದು ನಂಬಿದ್ದ. ಅಸೂಯೆಪಡುವವನಿಗೆ ಎದುರಿನವನೂ ತನ್ನಂತೆಯೇ ಅಸೂಯೆಪಡುತ್ತಿರುವನೆಂಬ ಗಾಢ ವಿಶ್ವಾಸವಿರುತ್ತದೆ.

"ಪುಕ್ಕಟೆ ಅಲ್ಲ. ನಿನ್ನ ಹೆಸರೂ ಹಾಕ್ತೀನಿ," ಎಂದಳು ಅವಳು.

"ಎಷ್ಟನೇದು?" ಎಂದು ಲೊವೆಲ್ ಕೇಳಿಬಿಟ್ಟ. ಬರ್ನಿ ಮತ್ತೆ ಲೋಟದೊಳಕ್ಕೆ ಹೋದ.

"ಕೊನೆಯಿಂದ ಎರಡನೇದು."

"ಯೋಚ್ನೆ ಮಾಡ್ತೀನಿ."

ಅಷ್ಟರಲ್ಲಿ ತಟ್ಟೆಗಳು ಬಂದವು. ಅವಳು ಅವನ ತಟ್ಟೆಯ ದೋಸೆಗೆ ಕೈಹಾಕಿದಳು. ಅವನು ತಟ್ಟೆಯನ್ನೇ ಅವಳತ್ತ ತಳ್ಳಿದ.

ಮನೆಯಲ್ಲಿ ಅವನು ಆರ್ಡಿಸ್‌ಗೆ ಎಲ್ಲವನ್ನೂ ಹೇಳಿದ. ನನಗೆ ಇದೆಲ್ಲ ತಿಳಿದದ್ದು ಅವಳಿಂದಲೇ.

"ಕೊಡ್ದೆ ಇದ್ರೆ?" ಎಂದಳು ಆರ್ಡಿಸ್.

"ಯಾಕೆ ಕೊಡಲ್ಲ ಅಂತ ಕೇಳ್ತಾರೆ. ಮೂರನೆಯವನು ನಾನೇ ಅಂತ ಅನುಮಾನ ಬರತ್ತೆ."

"ಅನುಮಾನಾನಾ! ಅಯ್ಯೋ ಮಂಕೇ, ಐದು ಕಡೆ ನಿನ್ನ ಹೆಸರು ಬರೆದಿದೀಯ. ಒಂದು ಫೋಟೋನೂ ಅಂಟಿಸ್ಬೇಕಿತ್ತು."

ಅವನು ಕಿಟಕಿಯಾಚೆ ಮಂಜು ಎತ್ತುವ ಗಾಡಿಯನ್ನು ನೋಡುತ್ತ ಕುಳಿತ. ಆಮೇಲೆ, ಎಷ್ಟೋ ದಿನದ ಮೇಲೆ, ಅವನ ಮುಖದಲ್ಲಿ ಕಳೆ ಬಂತಂತೆ.

"ಆರ್ಡಿಸ್, ನನ್ನ ಮಾದರಿಗಳು ಅವಳ ಮಾತು ಒಪ್ಪದೇ ಇರ್ಬೋದಲ್ವಾ?"

"ಇರ್ಬೋದು."

"ಇಪ್ಪತ್ತು ವರ್ಷದ ಮಾದರಿ. ಸುಳ್ಳು ಅಂತ ಗೊತ್ತಾದ್ರೆ ಅವಳೇ ಲೇಖನ ವಾಪಸ್ ತಗೋಬೇಕಾಗತ್ತೆ. ನಾನು ಏನೂ ಮಾಡ್ಬೇಕಾಗಿಲ್ಲ."

"ನಿಜ ಅಂತ ಗೊತ್ತಾದ್ರೆ?"

ಸೋಮವಾರ ಲೊವೆಲ್ ಫ್ರೀಜರಿನ ಬೀಗದ ಕೈ ತಾನೇ ತಂದ. ಲೋಕಕ್ಕೆಲ್ಲ ಔದಾರ್ಯದಂತೆ ಕಂಡಿತು. ಡೀನ್ ಕೋಲ್ ಪಡಸಾಲೆಯಲ್ಲಿ ತಡೆದು ಕೈ ಕುಲುಕಿದ: "ಇದಪ್ಪಾ ದೊಡ್ಡತನ ಅಂದ್ರೆ!" ಲೊವೆಲ್ ಕಣ್ಣು ತಗ್ಗಿಸಿದ, ಅದೂ ಚೆನ್ನಾಗಿ ಕಂಡಿತು.

ಮಾದರಿಗಳನ್ನು ಹೆಸರು ಮುಚ್ಚಿ ಪರೀಕ್ಷಿಸಬೇಕೆಂದು ಲೊವೆಲ್ ಹಟ ಹಿಡಿದ. ಯಾರ ಮೂತ್ರಪಿಂಡ ಕೈಕೊಟ್ಟಿತು, ಯಾರದು ಉಳಿಯಿತು ಎಂಬುದು ಅವನಿಗೆ ಮಾತ್ರ ಗೊತ್ತು. ರೆನಾಟಾ ಬರೀ ಮೂತ್ರ ನೋಡಿ ಹೇಳಬೇಕು. ಇದು ನ್ಯಾಯವಾದ ಹಟ. ಅವಳು ಮರುಮಾತಿಲ್ಲದೆ ಒಪ್ಪಿದಳು. ಮಾರ್ಚ್ ಆರಂಭದಲ್ಲಿ ಇಬ್ಬರೂ ನೆಲಮಾಳಿಗೆಯ ಕೋಣೆಯಲ್ಲಿ, ಫ್ರೀಜರುಗಳು ಗುಂಯ್‌ಗುಡುತ್ತಿದ್ದಲ್ಲಿ, ಎದುರುಬದುರು ಕುಳಿತರು. ಅಂಕಿಗಳಿಗೆ ಸಾಕ್ಷಿಯಾಗಿ ನನ್ನನ್ನೂ ಕರೆದಿದ್ದರು.

"ಇದು?" ಎಂದ ಲೊವೆಲ್.

"ಹೋಗತ್ತೆ," ಎಂದಳು ರೆನಾಟಾ.

ಲೊವೆಲ್ ತನ್ನ ಕಡೆಯ ಪರದೆ ನೋಡಿದ. ಹೋಗಿತ್ತು.

"ಇದು?"

"ಉಳಿಯತ್ತೆ."

ಉಳಿದಿತ್ತು. ಹೀಗೇ ನಡೆಯಿತು. ಒಂದು ಕಡೆ ಅವಳು "ಹೋಗತ್ತೆ" ಎಂದದ್ದು ಉಳಿದಿತ್ತು. ಲೊವೆಲ್‌ನ ಬೆನ್ನು ನೆಟ್ಟಗಾಯಿತು. ಮುಂದಿನವು ಮತ್ತೆ ಸರಿಯಾದವು, ಬೆನ್ನು ಮತ್ತೆ ಬಾಗಿತು. ಸಂಜೆಗೆ ಮುಗಿದಾಗ ಹತ್ತರಲ್ಲಿ ಒಂಬತ್ತು ಅವಳು ಹೇಳಿದಂತೆಯೇ ಇದ್ದವು. ಅವಳ ಮೊದಲಿನ ಲೆಕ್ಕಕ್ಕಿಂತ ಇದು ಮೇಲು.

ಲೊವೆಲ್ ಎದ್ದು ಹೋಗಿ ಒಂದು ಫ್ರೀಜರಿನ ಮೇಲೆ ಅಂಗೈ ಇಟ್ಟು ನಿಂತ. ಅವನು ಆಗ ಏನು ಯೋಚಿಸುತ್ತಿದ್ದನೆಂದು ಊಹಿಸುವುದು ಕಷ್ಟವಲ್ಲ. ಅವಳಿಗೆ ಸಿಕ್ಕಿದ್ದೆಲ್ಲ ಇಪ್ಪತ್ತು ವರ್ಷದಿಂದ ಇಲ್ಲೇ, ಈ ಪೆಟ್ಟಿಗೆಗಳಲ್ಲೇ, ಹೆಪ್ಪುಗಟ್ಟಿ ಕುಳಿತಿತ್ತು. ಬೀಗದ ಕೈ ಅವನ ಜೇಬಿನಲ್ಲಿತ್ತು. ಯಾರೂ ಅವನಿಂದ ಏನನ್ನೂ ಕಿತ್ತುಕೊಂಡಿರಲಿಲ್ಲ; ಹೊಟ್ಟೆಕಿಚ್ಚಿಗೆ ಇದಕ್ಕಿಂತ ಕೆಟ್ಟ ಸುದ್ದಿಯಿಲ್ಲ.

ರೆನಾಟಾ ಕೋಟು ಹಾಕಿಕೊಂಡಳು. ಬಾಗಿಲಲ್ಲಿ ನಿಂತು, "ಲೊವೆಲ್, ಆ ಮೂರನೆಯವನು ನಿನಗೆಲ್ಲಾದ್ರೂ ಸಿಕ್ಕಿದ್ರೆ ಒಂದು ಮಾತು ಹೇಳು," ಎಂದಳು.

"ಏನಂತ?"

"ಉಳಿದಿಬ್ರೂ ನನ್ನ ಬೆನ್ನು ತಟ್ಟಿ ಕಳಿಸಿಬಿಟ್ರು. ಕೇಳ್ಬೇಕಾದ ಪ್ರಶ್ನೆ ಕೇಳ್ದೋನು ಅವನೊಬ್ಬನೇ. ಅವನ ದೆಸೆಯಿಂದ ಲೇಖನ ಲೇಖನ ಆಯ್ತು."

ಅವಳು ಕುಹಕವಾಡುತ್ತಿರಲಿಲ್ಲ. ಆಡಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು.

"ಸಿಕ್ಕಿದ್ರೆ ಹೇಳ್ತೀನಿ," ಎಂದ ಲೊವೆಲ್.

ಮರುದಿನ ಅವನು ಪತ್ರಿಕೆಯ ಸಂಪಾದಕರಿಗೆ ಬರೆದು ಪರಿಶೀಲಕನ ಸ್ಥಾನ ಬಿಟ್ಟ. ತನ್ನ ಹೆಸರೂ ಸೇರಿದ ಲೇಖನವನ್ನು ತಾನೇ ಪರಿಶೀಲಿಸುವುದು ಅವನಿಗೂ ಅತಿ ಎನಿಸಿತ್ತು. ಲೇಖಕರ ಸಾಲಿನಿಂದ ಹೆಸರು ತೆಗೆಸುವ ಯೋಚನೆ ಅವನಿಗೆ ಬಂದಿತ್ತೆಂದು ಆರ್ಡಿಸ್ ಹೇಳುತ್ತಾಳೆ. ಅರ್ಧ ದಿನ ಇತ್ತಂತೆ. ಆದರೆ ಲೇಖನವೆಂದರೆ ಲೇಖನ. ಸಂಪಾದಕರು ಬೇರೊಬ್ಬರಿಗೆ ತೋರಿಸಿದರು, ಅವರು ಒಂದೇ ವಾರದಲ್ಲಿ ಒಪ್ಪಿದರು. ಏಪ್ರಿಲ್‌ನಲ್ಲಿ ಅಚ್ಚಾಗಿ ಟಿವಿಯಲ್ಲೂ ಬಂತು; ಟಿವಿಯವರು ರೆನಾಟಾಳನ್ನು ಲೊವೆಲ್‌ನ ಫ್ರೀಜರಿನ ಮುಂದೆ ನಿಲ್ಲಿಸಿ ಚಿತ್ರ ತೆಗೆದುಕೊಂಡರು, ಫ್ರೀಜರು ಚೆನ್ನಾಗಿ ಕಾಣುತ್ತದೆಂದು.

ಪೀಠವನ್ನು ತೀರ್ಮಾನಿಸುವ ಮುಂಚೆ ಡೀನ್ ಕೋಲ್ ಲೊವೆಲ್‌ನನ್ನು ಕೋಣೆಗೆ ಕರೆದು ಬಾಗಿಲು ಹಾಕಿದ.

"ನೋಡು, ನಿನ್ನನ್ನು ಕೇಳೋದು ಕಷ್ಟ. ಆದ್ರೆ ಆ ಕೆಲಸ ನಿನ್ನಷ್ಟು ಚೆನ್ನಾಗಿ ಬಲ್ಲೋನು ಇನ್ನೊಬ್ಬ ಇಲ್ಲ. ಅದರಲ್ಲಿ ಅವಳದೆಷ್ಟು, ನಿಂದೆಷ್ಟು? ಅರ್ಧ ನಿಂದು ಅಂದ್ರೆ ನಾನು ಹಿರಿತನದ ಮೇಲೆ ಹೋಗ್ತೀನಿ. ಇದು ನಮ್ಮಿಬ್ಬರಲ್ಲೇ ಇರತ್ತೆ."

ಆ ಕೋಣೆಯಿಂದ ಹೊರಬಂದವನೇ ಲೊವೆಲ್ ನನ್ನ ಕೋಣೆಗೆ ಬಂದು ಕುಳಿತ.

"ಏನಂದೆ?" ಎಂದು ಕೇಳಿದೆ.

"ಅರ್ಧ ನಂದು ಅನ್ನೋಕೆ ಬಾಯಿ ತೆಗೆದಿದ್ದೆ," ಎಂದ. "ಆ ಮೂರನೇ ಚಿತ್ರ ಕಣ್ಮುಂದೆ ಬಂತು. ಅದು ಅವಳದು ಕಣಯ್ಯಾ. ಪೂರ್ತಿ ಅವಳದು. ನನ್ನಿಂದ ಆಗ್ತಿರ್ಲಿಲ್ಲ."

"ಹಾಗೇ ಹೇಳಿದ್ಯಾ?"

"ಹೇಳ್ದೆ." ಕುರ್ಚಿಯನ್ನು ಮುಂದಕ್ಕೆಳೆದು, "ಮಾದರಿ ಎಲ್ಲಾ ನಂದು ಅಂತ್ಲೂ ಹೇಳ್ದೆ. ಎರಡು ಸಲ," ಎಂದ. ಆಮೇಲೆ ನನ್ನ ಮೇಜಿನ ಮೇಲಿದ್ದ ಪತ್ರಿಕೆ ತೆಗೆದು, ತನ್ನ ಹೆಸರಿದ್ದ ಪುಟ ಹುಡುಕಿ, ಅದನ್ನು ನೋಡದೆ ಮೂರನೆಯ ಚಿತ್ರವನ್ನು ಬಹಳ ಹೊತ್ತು ನೋಡಿದ. ಅವಳನ್ನು ಕ್ಷಮಿಸಿದ ಲಕ್ಷಣವೇನೂ ಅವನ ಮುಖದಲ್ಲಿ ಇರಲಿಲ್ಲ.

ಮೇ ತಿಂಗಳಲ್ಲಿ ಶ್ಲೆಗೆಲ್ ಪೀಠವನ್ನು ರೆನಾಟಾಗೆ ಕೊಟ್ಟರು.